ದೂರುಪಟ್ಟಿಯ ಪ್ರತಿ ಸಾಲಿಗೂ ಒಬ್ಬ ಹೊಣೆಗಾರ: ಎಕ್ಸೆಲ್‌ನಿಂದ ಇಶ್ಯೂ ಟ್ರ್ಯಾಕರ್‌ಗೆ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುತ್ತವೆ. ಅದಾದ ಕೆಲವು ವಾರಗಳಲ್ಲಿ ರಕ್ಷಕ-ಶಿಕ್ಷಕ ಸಂಘದ ಮಹಾಸಭೆ ಸೇರಿ ಹೊಸ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತದೆ. ಹಳೆಯ ಸಮಿತಿಯವರು ಹೊಸಬರಿಗೆ ಒಪ್ಪಿಸುವ ಲೆಕ್ಕಪುಸ್ತಕ, ರಶೀದಿ ಪುಸ್ತಕ, ನಡವಳಿ ಪುಸ್ತಕಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತುವೂ ಸೇರಿಕೊಂಡಿದೆ. ಅದು ವಾಟ್ಸಾಪ್ ಮೂಲಕ ಕೈಯಿಂದ ಕೈಗೆ ಬರುವ ಒಂದು ಎಕ್ಸೆಲ್ ಕಡತ. ಪಠ್ಯಪುಸ್ತಕ ಬಂದಿಲ್ಲ, ಕನ್ನಡ ಅರಿಯದ ಶಿಕ್ಷಕರು ಬಂದಿದ್ದಾರೆ, ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇದೆ, ಅಡುಗೆಕೋಣೆಯ ಮಾಡು ಸೋರುತ್ತಿದೆ ಎಂಬಂತಹ ಅನೇಕ ವರ್ಷಗಳ ದೂರುಗಳು ಅದರಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಯಾವ ಸಾಲು ಜೀವಂತವಾಗಿದೆ, ಯಾವುದು ಮುಗಿದಿದೆ ಎಂಬುದನ್ನು ಹೇಳಬಲ್ಲವರು ಹಳೆಯ ಸಮಿತಿಯ ಒಬ್ಬಿಬ್ಬರು ಮಾತ್ರ. ಅವರ ಮಕ್ಕಳು ಶಾಲೆ ಬಿಟ್ಟ ವರ್ಷ ಆ ನೆನಪೂ ಶಾಲೆ ಬಿಡುತ್ತದೆ.

ಇಂತಹ ಪಟ್ಟಿಯನ್ನು ತಂತ್ರಾಂಶ ತಯಾರಿಸುವವರು ದಿನನಿತ್ಯ ಬಳಸುವ ಇಶ್ಯೂ ಟ್ರ್ಯಾಕರ್ ಎಂಬ ಸಾಧನಕ್ಕೆ ಸಾಗಿಸುವುದು ಹೇಗೆ, ಆ ಕೆಲಸದಲ್ಲಿ ಕೃತಕ ಬುದ್ಧಿಮತ್ತೆಯ ನೆರವನ್ನು ಎಲ್ಲಿಯವರೆಗೆ ಪಡೆಯಬಹುದು, ಎಲ್ಲಿ ಅದನ್ನು ತಡೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ನಾವು ಕೆಲವು ಹೆತ್ತವರು ಕೂಡಿ ನಮ್ಮ ಬಳಿ ಉಳಿದಿದ್ದ ಹಳೆಯ ಪಟ್ಟಿಯೊಂದನ್ನು ಹೀಗೆ ಸಾಗಿಸಿ ನೋಡಿದ್ದೇವೆ. ಎಡವಿದ ಜಾಗಗಳನ್ನೂ ಮರೆಮಾಚದೆ ತಿಳಿಸುತ್ತೇವೆ.

ಪಟ್ಟಿಯಲ್ಲಿರುವ ಕೊರತೆ ಯಾವುದು?

ಎಕ್ಸೆಲ್ ಆಗಲಿ, ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಲಿಬ್ರೆ ಆಫೀಸ್ ಕ್ಯಾಲ್ಕ್ ಆಗಲಿ, ಲೆಕ್ಕಕ್ಕೆ ಹೇಳಿ ಮಾಡಿಸಿದ ಸಾಧನಗಳು. ಆದರೆ ದೂರು ಎಂಬುದು ಅಂಕಿಯಂತೆ ಒಂದೇ ಕಡೆ ನಿಲ್ಲುವುದಿಲ್ಲ. ಅದು ಮುಖ್ಯೋಪಾಧ್ಯಾಯರಿಂದ ಉಪಜಿಲ್ಲಾ ವಿದ್ಯಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಜಿಲ್ಲಾ ವಿದ್ಯಾಧಿಕಾರಿಗಳಿಗೆ, ವಿದ್ಯಾಭ್ಯಾಸ ಉಪನಿರ್ದೇಶಕರಿಗೆ, ಕೆಲವೊಮ್ಮೆ ತಿರುವನಂತಪುರಕ್ಕೆ ಪ್ರಯಾಣ ಮಾಡುತ್ತದೆ. ಪ್ರತಿ ನಿಲ್ದಾಣದಲ್ಲಿಯೂ ಒಂದು ದಿನಾಂಕ, ಒಂದು ಸ್ವೀಕೃತಿ, ಒಂದು ಉತ್ತರ ಇರಬೇಕು. ಪಟ್ಟಿಯ ಒಂದು ಸಾಲಿನಲ್ಲಿ ಇವೆಲ್ಲವನ್ನೂ ತುಂಬಲು ಹೊರಟಾಗ "ಷರಾ" ಎಂಬ ಕೊನೆಯ ಅಂಕಣ ಉದ್ದವಾಗುತ್ತದೆ. ಅಲ್ಲಿ "ಫೋನ್ ಮಾಡಲಾಗಿದೆ", "ನೋಡೋಣ ಎಂದರು", "ಮತ್ತೆ ನೆನಪಿಸಬೇಕು" ಎಂಬ ಮಾತುಗಳು ಒಂದರ ಮೇಲೊಂದು ಕೂರುತ್ತವೆ. ಮಾಡಿದವರು ಯಾರು, ಯಾವಾಗ, ಮತ್ತೆ ನೆನಪಿಸಬೇಕಾದವರು ಯಾರು ಎಂಬುದು ತಿಳಿಯದು. ಒಬ್ಬರು ತಿದ್ದಿದ ಪ್ರತಿ ಒಬ್ಬರ ಫೋನಿನಲ್ಲಿ, ಇನ್ನೊಬ್ಬರು ತಿದ್ದಿದ ಪ್ರತಿ ಇನ್ನೊಬ್ಬರಲ್ಲಿ ಉಳಿಯುತ್ತದೆ.

ದೂರು ಬರೆದವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಶಾಲೆಯ ವರ್ಷ ಹತ್ತು ತಿಂಗಳಿನದು. ಐದನೆಯ ತರಗತಿಗೆ ಕನ್ನಡ ಅರಿಯದ ಗಣಿತ ಶಿಕ್ಷಕರು ಬಂದರೆಂದು ಜೂನ್ ತಿಂಗಳಲ್ಲಿ ಬರೆದ ಮನವಿ ನಾಲ್ಕು ತಿಂಗಳು ಯಾರ ಕೈಯಲ್ಲೂ ಇಲ್ಲದೆ ಬಿದ್ದರೆ, ಆ ಮಕ್ಕಳ ಪಾಲಿಗೆ ವರ್ಷದ ಅರ್ಧಭಾಗ ಹೋದಂತೆಯೇ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದನ್ನು ವಿರೋಧಿಸಿ ನಮ್ಮ ಜಿಲ್ಲೆಯಲ್ಲಿ ಹಲವು ಬಾರಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ. ಪ್ರತಿಭಟನೆಯ ದಿನ ಎಲ್ಲರೂ ಇರುತ್ತಾರೆ. ಅದರ ಮರುದಿನದಿಂದ ಕಾಗದಗಳನ್ನು ಹಿಂಬಾಲಿಸುವ ಕೆಲಸಕ್ಕೆ ವ್ಯವಸ್ಥೆ ಬೇಕು.

ಇಶ್ಯೂ ಟ್ರ್ಯಾಕರ್ ಎಂದರೇನು?

ತಂತ್ರಾಂಶದಲ್ಲಿ ಕಂಡುಬರುವ ದೋಷಗಳನ್ನು ದಾಖಲಿಸಿ, ಸರಿಯಾಗುವವರೆಗೆ ಅವುಗಳ ಬೆನ್ನುಹತ್ತಲು ರೂಪಿಸಿದ ಸಾಧನವಿದು. 1998ರಲ್ಲಿ ಮೊಝಿಲ್ಲಾ ಸಮುದಾಯ ಹೊರತಂದ ಬಗ್‌ಝಿಲ್ಲಾ ಇವುಗಳಲ್ಲಿ ಬಹಳ ಪ್ರಸಿದ್ಧವಾದುದು. 2002ರಲ್ಲಿ ಜಿರಾ, 2006ರಲ್ಲಿ ಸ್ವತಂತ್ರ ತಂತ್ರಾಂಶವಾದ ರೆಡ್‌ಮೈನ್ ಬಂದವು. ಹೆಸರುಗಳು ಬೇರೆಯಾದರೂ ತತ್ತ್ವ ಒಂದೇ. ಪ್ರತಿ ದೂರಿಗೂ ಒಂದು ಪ್ರತ್ಯೇಕ ಪುಟ. ಅದನ್ನು ಟಿಕೆಟ್ ಎನ್ನುತ್ತಾರೆ. ಆ ಟಿಕೆಟ್ಟಿಗೆ ಎಂದಿಗೂ ಬದಲಾಗದ ಒಂದು ಸಂಖ್ಯೆ, ಒಬ್ಬ ಹೊಣೆಗಾರ, ಒಂದು ಸ್ಥಿತಿ ಮತ್ತು ಒಂದು ಮುಂದಿನ ದಿನಾಂಕ ಇರುತ್ತದೆ. ಯಾರು ಏನನ್ನು ಬದಲಿಸಿದರು ಎಂಬುದು ವೇಳೆಯ ಸಹಿತ ತಾನಾಗಿ ದಾಖಲಾಗುತ್ತದೆ. ಮನವಿಯ ಪ್ರತಿ, ಸ್ವೀಕೃತಿಯ ಚಿತ್ರ, ಕಚೇರಿಯ ಉತ್ತರ ಎಲ್ಲವನ್ನೂ ಅದೇ ಪುಟಕ್ಕೆ ಲಗತ್ತಿಸಬಹುದು.

ಹಳೆಯ ಬಗ್‌ಝಿಲ್ಲಾದ ಒಂದು ಪದ್ಧತಿ ನಮಗೆ ವಿಶೇಷವಾಗಿ ಉಪಯುಕ್ತ. ಅಲ್ಲಿ ಕೆಲಸ ಮಾಡಿದವರು "ಪರಿಹರಿಸಲಾಗಿದೆ" ಎಂದು ಗುರುತಿಸಿದೊಡನೆ ವಿಷಯ ಮುಗಿಯುತ್ತಿರಲಿಲ್ಲ. ಪರಿಹಾರ ನಿಜವೇ ಎಂದು ಪರೀಕ್ಷಿಸಿ "ಖಚಿತಪಡಿಸಲಾಗಿದೆ" ಎಂದು ಗುರುತಿಸುವ ಇನ್ನೊಂದು ಹಂತವಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಚೇರಿಯಿಂದ ಉತ್ತರ ಬರುವುದು ಬೇರೆ, ತರಗತಿಗೆ ಪುಸ್ತಕ ಬರುವುದು ಬೇರೆ. ನಮ್ಮ ಪಟ್ಟಿಗೆ ನಾವು ಇಟ್ಟುಕೊಂಡ ಸ್ಥಿತಿಗಳು ಐದು: ಹೊಸದು, ಸಲ್ಲಿಸಲಾಗಿದೆ, ಉತ್ತರ ಬಂದಿದೆ, ಪರಿಹಾರವಾಗಿದೆ, ಮುಚ್ಚಲಾಗಿದೆ. ಕೊನೆಯ ಸ್ಥಿತಿಗೆ ಒಯ್ಯುವ ಮೊದಲು ದೂರು ಕೊಟ್ಟ ಮನೆಯವರನ್ನು ಕೇಳಲೇಬೇಕೆಂಬುದು ನಮ್ಮ ನಿಯಮ.

ಗಡಿನಾಡಿನಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಮನವಿ ಬರೆಯುವುದು ನಮ್ಮ ಹಿರಿಯರಿಗೆ ರೂಢಿಯಾಗಿದೆ. ಆ ಮನವಿಗಳಿಗೆ ಕಾನೂನಿನ ಆಧಾರವೂ ಇದೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸುವುದನ್ನು ಕುರಿತದ್ದು. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ನೇಮಕವನ್ನು ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ವಿಶೇಷ ಅವಕಾಶವಿದ್ದು, ಸಚಿವಾಲಯ, ಇಲಾಖಾ ಮುಖ್ಯಸ್ಥರು ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸ್ಥಳೀಯ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಿ, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ.

ಆದರೆ ಹಕ್ಕನ್ನು ಸಾಧಿಸಲು ದಾಖಲೆ ಬೇಕು. "ಕನ್ನಡದಲ್ಲಿ ಬರೆದ ಮನವಿಗೆ ಮಲಯಾಳದಲ್ಲಿ ಉತ್ತರ ಬರುತ್ತಿದೆ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಅಸಮಾಧಾನ ಮಾತ್ರ. ಯಾವ ದಿನಾಂಕದ ಯಾವ ಮನವಿಗೆ, ಎಷ್ಟು ದಿನಗಳ ಬಳಿಕ, ಯಾವ ಭಾಷೆಯಲ್ಲಿ ಉತ್ತರ ಬಂತು ಎಂಬುದನ್ನು ಟಿಕೆಟ್ ಸಂಖ್ಯೆಗಳ ಸಹಿತ ಮುಂದಿಟ್ಟರೆ ಅದು ಪುರಾವೆ. ಹಾಗಾಗಿ ನಮ್ಮ ಟ್ರ್ಯಾಕರ್‌ನಲ್ಲಿ "ಮನವಿಯ ಭಾಷೆ", "ಉತ್ತರದ ಭಾಷೆ" ಎಂಬ ಎರಡು ಅಂಕಣಗಳನ್ನು ಪ್ರತ್ಯೇಕವಾಗಿ ಸೇರಿಸಿದೆವು. ಅವಧಿಯ ವಿಷಯದಲ್ಲಿಯೂ ಹೀಗೆಯೇ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ದೊರೆಯದಿದ್ದರೆ ಮತ್ತೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಆ ದಿನಾಂಕ ತಪ್ಪಿದರೆ ಕೈಯಲ್ಲಿದ್ದ ಅವಕಾಶ ಸಡಿಲವಾಗುತ್ತದೆ. ಟ್ರ್ಯಾಕರ್ ಆ ದಿನಕ್ಕೆ ಮೊದಲೇ ಹೊಣೆಗಾರರಿಗೆ ನೆನಪಿಸುವಂತೆ ಮಾಡಬಹುದು. ಎಕ್ಸೆಲ್ ಕಡತ ಯಾರಾದರೂ ತೆರೆಯುವವರೆಗೆ ಮೌನವಾಗಿರುತ್ತದೆ.

ಸಾಗಿಸುವ ಮೊದಲು ಪಟ್ಟಿಯನ್ನು ತೊಳೆಯಬೇಕು

ಹೆಚ್ಚಿನ ಟ್ರ್ಯಾಕರ್‌ಗಳು ಸಿಎಸ್‌ವಿ ಎಂಬ ಸರಳ ಪಠ್ಯರೂಪದ ಕಡತವನ್ನು ಒಳಗೆ ತೆಗೆದುಕೊಳ್ಳುತ್ತವೆ. ಆ ರೂಪಕ್ಕೆ ಬದಲಿಸುವಾಗ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಅಕ್ಷರಗಳದು. ಎಕ್ಸೆಲ್‌ನಲ್ಲಿ ಸಾಮಾನ್ಯ ಸಿಎಸ್‌ವಿ ಆಯ್ಕೆಯಿಂದ ಉಳಿಸಿದರೆ ಕನ್ನಡ, ಮಲಯಾಳ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಯುಟಿಎಫ್-8 ಎಂದು ಸೂಚಿಸಿರುವ ಸಿಎಸ್‌ವಿ ಆಯ್ಕೆಯನ್ನೇ ಬಳಸಬೇಕು. ಯುನಿಕೋಡ್ ಬಳಕೆ ರೂಢಿಯಾಗುವ ಮುನ್ನ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸಾಲುಗಳಿದ್ದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅವನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದು, ಒಮ್ಮೆ ಕಣ್ಣಾರೆ ಓದಿಯೇ ಮುಂದುವರಿಯಬೇಕು.

ಎರಡನೆಯದು ದಿನಾಂಕದ್ದು. 03/06 ಎಂದರೆ ನಮಗೆ ಜೂನ್ 3. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿಗೆ ಅದು ಮಾರ್ಚ್ 6. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಪೂರ್ತಿಯಾಗಿ ಬರೆದರೆ ಈ ಗೊಂದಲ ಇಲ್ಲ.

ಮೂರನೆಯದು ಹಳೆಯ ಕ್ರಮಸಂಖ್ಯೆಯದು. ಇದರಲ್ಲಿ ವಿಕಿಮೀಡಿಯ ಸಂಸ್ಥೆಯ ಅನುಭವ ನಮಗೆ ಪಾಠ. ಕನ್ನಡ ವಿಕಿಪೀಡಿಯ, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಮುಂತಾದವುಗಳ ತಾಂತ್ರಿಕ ಕೋರಿಕೆಗಳನ್ನೆಲ್ಲ ನೋಡಿಕೊಳ್ಳುವ ಆ ಸಂಸ್ಥೆ 2014ರ ನವೆಂಬರಿನಲ್ಲಿ ತನ್ನ ದೋಷಪಟ್ಟಿಯನ್ನು ಬಗ್‌ಝಿಲ್ಲಾದಿಂದ ಫ್ಯಾಬ್ರಿಕೇಟರ್ ಎಂಬ ಹೊಸ ಸಾಧನಕ್ಕೆ ಸಾಗಿಸಿತು. ಆಗ ಅವರು ಪ್ರತಿ ಹಳೆಯ ಸಂಖ್ಯೆಗೆ 2000 ಕೂಡಿಸಿ ಹೊಸ ಸಂಖ್ಯೆ ಕೊಟ್ಟರು. ಹಳೆಯ 1ನೆಯ ದೋಷ 2001 ಆಯಿತು. ವರ್ಷಗಳ ಹಿಂದಿನ ಚರ್ಚೆಯಲ್ಲಿ ಉಲ್ಲೇಖಿಸಿದ ಸಂಖ್ಯೆಯನ್ನು ಇಂದಿಗೂ ಯಾರು ಬೇಕಾದರೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಹುಡುಕಬಹುದು. ನಡವಳಿ ಪುಸ್ತಕದಲ್ಲಿ "ಪಟ್ಟಿಯ 47ನೆಯ ದೂರು" ಎಂದು ಬರೆದಿದ್ದರೆ, ಹೊಸ ಟ್ರ್ಯಾಕರ್‌ನಲ್ಲಿ ಅದು ಸಿಗುವಂತಿರಬೇಕು. ಹಳೆಯ ಕ್ರಮಸಂಖ್ಯೆಗೆಂದೇ ಒಂದು ಅಂಕಣವಿಟ್ಟರೆ ಸಾಕು.

ಕೃತಕ ಬುದ್ಧಿಮತ್ತೆಯ ಪಾಲು

ನೂರಾರು ಸಾಲುಗಳನ್ನು ಓದಿ, ಪ್ರತಿಯೊಂದಕ್ಕೂ ಚಿಕ್ಕ ಶೀರ್ಷಿಕೆ ಕೊಟ್ಟು, ವಿಷಯವಾರು ವಿಂಗಡಿಸಿ, ಷರಾದಲ್ಲಿ ಹುದುಗಿದ ದಿನಾಂಕಗಳನ್ನು ಬೇರ್ಪಡಿಸುವುದು ಹಲವು ಸಂಜೆಗಳ ಕೆಲಸ. ಈ ಹಂತದಲ್ಲಿ ಭಾಷಾ ಮಾದರಿಗಳು ನಿಜವಾಗಿಯೂ ನೆರವಾಗುತ್ತವೆ. ಕನ್ನಡ, ಮಲಯಾಳ, ಇಂಗ್ಲಿಷ್ ಬೆರೆತ ಸಾಲುಗಳನ್ನೂ ಅವು ಬಹುಮಟ್ಟಿಗೆ ಅರಿಯುತ್ತವೆ. ಆದರೆ ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಅವುಗಳ ಒಳಹೋಗುವುದರಿಂದ ಇಡೀ ಪಟ್ಟಿಯನ್ನು ಒಮ್ಮೆಗೇ ಕೊಟ್ಟರೆ ನಡುವಿನ ಸಾಲುಗಳು ಜಾರಿಹೋಗಬಹುದು. ಮೂವತ್ತು, ನಲವತ್ತು ಸಾಲುಗಳ ಕಂತಿನಲ್ಲಿ ಕೊಡುವುದು ಲೇಸು. ಒಳಗೆ ಹೋದ ಸಾಲುಗಳೆಷ್ಟು, ಹೊರಬಂದವೆಷ್ಟು ಎಂದು ಪ್ರತಿ ಕಂತಿಗೂ ಎಣಿಸಬೇಕು.

ನಾವು ಕೊಟ್ಟ ಸೂಚನೆ ಹೀಗಿತ್ತು: "ಪ್ರತಿ ಸಾಲನ್ನೂ ಒಂದು ಪ್ರತ್ಯೇಕ ದೂರಾಗಿ ಓದು. ಮೂಲ ವಾಕ್ಯವನ್ನು ಬದಲಿಸದೆ ಹಾಗೆಯೇ ಇಡು. ಎರಡು ಸಾಲುಗಳು ಒಂದೇ ಎಂದು ತೋರಿದರೆ ಕೂಡಿಸಬೇಡ. ಅನುಮಾನವೆಂದು ಗುರುತು ಹಾಕು. ಊರಿನ, ಶಾಲೆಯ ಹೆಸರನ್ನು ತಿದ್ದಬೇಡ. ಸ್ಥಿತಿ ಸ್ಪಷ್ಟವಿಲ್ಲದಿದ್ದರೆ ಖಾಲಿ ಬಿಡು." ಈ ಸೂಚನೆಯ ಪ್ರತಿ ವಾಕ್ಯದ ಹಿಂದೆಯೂ ಮೊದಲ ಪ್ರಯತ್ನದಲ್ಲಿ ನಾವು ಕಂಡ ಒಂದು ತಪ್ಪಿದೆ.

ಊರಿನ ಹೆಸರುಗಳನ್ನೇ ನೋಡಿ. ನಮ್ಮ ಜಿಲ್ಲೆಯ ಸ್ಥಳನಾಮಗಳಿಗೆ ಕನ್ನಡದಲ್ಲೊಂದು, ಮಲಯಾಳದಲ್ಲೊಂದು, ಇಂಗ್ಲಿಷಿನಲ್ಲಿ ಎರಡು ಮೂರು ರೂಪಗಳಿವೆ. ಮಂಜೇಶ್ವರ ಒಂದು ಸಾಲಿನಲ್ಲಿ ಮಂಜೇಶ್ವರಂ ಆಗಿರುತ್ತದೆ, ಬದಿಯಡ್ಕ ಇನ್ನೊಂದರಲ್ಲಿ ಬದಿಯಡುಕ್ಕ ಆಗಿರುತ್ತದೆ. ಇವು ಒಂದೇ ಎಂದು ಯಂತ್ರ ಕೆಲವೊಮ್ಮೆ ಅರಿಯದು. ಅದಕ್ಕಿಂತ ಅಪಾಯಕಾರಿ ಎಂದರೆ ಬೇರೆ ಬೇರೆಯಾದುದನ್ನು ಒಂದೆಂದು ತಿಳಿಯುವುದು. ಪುತ್ತಿಗೆಯನ್ನು ಅದು ಪುತ್ತೂರು ಎಂದು "ತಿದ್ದಿತು". ಮೊಗ್ರಾಲ್ ಪುತ್ತೂರನ್ನು ದಕ್ಷಿಣ ಕನ್ನಡದ ಪುತ್ತೂರಿನೊಡನೆ ಸೇರಿಸಿತು. ಯಂತ್ರ ಹೆಚ್ಚಾಗಿ ಓದಿರುವುದು ದೊಡ್ಡ ಊರುಗಳ ಹೆಸರನ್ನು. ಗಡಿಯ ಸಣ್ಣ ಪಂಚಾಯತುಗಳನ್ನಲ್ಲ. ಆದ್ದರಿಂದ ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಮೀಂಜ, ಕುಂಬ್ಡಾಜೆ, ಬೆಳ್ಳೂರು, ದೇಲಂಪಾಡಿ, ಕಾರಡ್ಕ ಮೊದಲಾದ ಹೆಸರುಗಳ ಎಲ್ಲ ರೂಪಗಳನ್ನೂ ನಾವೇ ಒಂದು ಹಾಳೆಯಲ್ಲಿ ಬರೆದು ಸೂಚನೆಯ ಜೊತೆಗೆ ಕೊಟ್ಟೆವು. ಅನಂತರ ಈ ತಪ್ಪು ಬಹಳ ಕಡಿಮೆಯಾಯಿತು.

ದೂರುಗಳನ್ನು ಕೂಡಿಸುವ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಐದನೆಯ ತರಗತಿಯ ಗಣಿತ ಶಿಕ್ಷಕರ ಬಗೆಗಿನ ದೂರನ್ನೂ ಎಂಟನೆಯ ತರಗತಿಯ ಗಣಿತ ಶಿಕ್ಷಕರ ಬಗೆಗಿನ ದೂರನ್ನೂ ಯಂತ್ರ ಒಂದೇ ಎಂದು ಕೂಡಿಸಿತ್ತು. ಪದಗಳು ಒಂದೇ ಇದ್ದವು ನಿಜ. ತರಗತಿ, ವರ್ಷ, ಮಕ್ಕಳು ಬೇರೆ. ಹಾಗೆಯೇ ಬಿಟ್ಟಿದ್ದರೆ ಒಂದು ತರಗತಿಗೆ ಪರಿಹಾರ ದೊರೆತ ದಿನ ಇನ್ನೊಂದು ತರಗತಿಯ ದೂರೂ ಸದ್ದಿಲ್ಲದೆ ಮುಚ್ಚಿಹೋಗುತ್ತಿತ್ತು.

ಎಲ್ಲಕ್ಕಿಂತ ಗಂಭೀರವಾದ ತಪ್ಪು ಸ್ಥಿತಿಯ ಅಂಕಣದಲ್ಲಿ ಕಂಡಿತು. ಕಚೇರಿಗಳಿಂದ ಬಂದ ಮಲಯಾಳ ಉತ್ತರಗಳಲ್ಲಿ "ನಡಪಡಿ ಸ್ವೀಕರಿಕ್ಕುನ್ನತಾಣ್" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕ್ರಮ ಕೈಗೊಳ್ಳಲಾಗುವುದು ಎಂದು ಅದರ ಅರ್ಥ. "ನಡಪಡಿ ಸ್ವೀಕರಿಚ್ಚು" ಎಂದಿದ್ದರೆ ಮಾತ್ರ ಕ್ರಮ ಕೈಗೊಂಡಾಯಿತು ಎಂದಾಗುತ್ತದೆ. ಯಂತ್ರ ಹಲವು ಕಡೆ ಈ ಎರಡನ್ನೂ ಒಂದೇ ತೆರನಾಗಿ ಓದಿ "ಪರಿಹಾರವಾಗಿದೆ" ಎಂದು ಗುರುತು ಹಾಕಿತ್ತು. ಭರವಸೆ ಕೊಟ್ಟ ದೂರುಗಳೆಲ್ಲ ಮುಗಿದ ದೂರುಗಳಾದವು. ಎರಡೂ ಭಾಷೆ ಬಲ್ಲ ತಾಯಿಯೊಬ್ಬರು ಸಾಲುಸಾಲಾಗಿ ಓದದೆ ಇದ್ದಿದ್ದರೆ ಅದು ನಮಗೆ ತಿಳಿಯುತ್ತಿರಲಿಲ್ಲ. ಆ ದಿನವೇ ನಾವು ತೀರ್ಮಾನಿಸಿದೆವು: ವಿಂಗಡಣೆ ಯಂತ್ರ ಮಾಡಲಿ, ಮುಚ್ಚುವುದು ಮಾತ್ರ ಮನುಷ್ಯರ ಕೈಯಲ್ಲೇ ಇರಲಿ.

ಮಕ್ಕಳ ವಿವರಗಳನ್ನು ಹೊರಗೆ ಕಳಿಸಬಾರದು

ದೂರುಪಟ್ಟಿಯಲ್ಲಿ ಮಕ್ಕಳ ಹೆಸರು, ಮನೆಯ ಹೆಸರು, ಫೋನ್ ಸಂಖ್ಯೆ, ಕೆಲವೊಮ್ಮೆ ಆಧಾರ್ ಸಂಖ್ಯೆ, ಕಾಯಿಲೆಯ ವಿವರವೂ ಇರುತ್ತದೆ. ಉಚಿತವಾಗಿ ದೊರೆಯುವ ಕೃತಕ ಬುದ್ಧಿಮತ್ತೆಯ ಸೇವೆಗೆ ಅದನ್ನು ಹಾಗೆಯೇ ಅಂಟಿಸುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶದ ಬಳಕೆಗೆ ಹೆತ್ತವರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ನಂಬಿ ದೂರು ಹೇಳಿದ ಮನೆಯ ಮರ್ಯಾದೆ ಕಾಯುವುದು ನಮ್ಮ ಕರ್ತವ್ಯವೂ ಹೌದು. ಕಡತದ ಒಂದು ಪ್ರತಿ ಮಾಡಿ, ಅದರಿಂದ ಹೆಸರು, ಸಂಖ್ಯೆಗಳ ಅಂಕಣಗಳನ್ನು ಪೂರ್ತಿ ತೆಗೆದುಹಾಕಿ, ಕ್ರಮಸಂಖ್ಯೆ ಮತ್ತು ದೂರಿನ ಪಠ್ಯವನ್ನು ಮಾತ್ರ ಯಂತ್ರಕ್ಕೆ ಕೊಡಬೇಕು. ಪಠ್ಯದೊಳಗೂ ಹೆಸರು ಅಡಗಿರಬಹುದಾದ್ದರಿಂದ ಮೊದಲೊಮ್ಮೆ ಓದಬೇಕು. ಕೆಲಸ ಮುಗಿದ ಮೇಲೆ ಕ್ರಮಸಂಖ್ಯೆಯ ಆಧಾರದಲ್ಲಿ ಹೆಸರುಗಳನ್ನು ಮರಳಿ ಜೋಡಿಸಬಹುದು. ಟ್ರ್ಯಾಕರ್‌ನಲ್ಲಿಯೂ ಆ ವಿವರಗಳು ಸಮಿತಿಯ ಇಬ್ಬರು ಮೂವರಿಗೆ ಮಾತ್ರ ಕಾಣುವಂತಿರಲಿ.

ಸಣ್ಣದಾಗಿ ಆರಂಭಿಸಿ

ಎಲ್ಲ ಹಳೆಯ ದೂರುಗಳನ್ನೂ ಸಾಗಿಸಬೇಕೆಂದಿಲ್ಲ. ಆ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗಿರುವ, ಇನ್ನು ಪರಿಹಾರಕ್ಕೆ ಅರ್ಥವಿಲ್ಲದ ಸಾಲುಗಳನ್ನು ದಾಖಲೆಯಾಗಿ ಹಳೆಯ ಕಡತದಲ್ಲೇ ಉಳಿಸಿ. ಉಳಿದವುಗಳಲ್ಲಿ ಮೊದಲು ಹತ್ತು ಸಾಲುಗಳನ್ನು ಸಾಗಿಸಿ, ಒಂದು ತಿಂಗಳು ಬಳಸಿ ನೋಡಿ. ಮೂಲ ಕಡತವನ್ನು ಎಂದಿಗೂ ಅಳಿಸಬೇಡಿ. ಟಿಕೆಟ್ಟಿನ ಹೊಣೆಗಾರರಾಗಿ "ಸಮಿತಿ" ಎಂದು ಬರೆಯಬೇಡಿ, ಒಬ್ಬ ವ್ಯಕ್ತಿಯ ಹೆಸರನ್ನೇ ಬರೆಯಿರಿ. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲ. ಕಂಪ್ಯೂಟರ್ ಬಳಸದ ಹೆತ್ತವರಿಗಾಗಿ ತಿಂಗಳಿಗೊಮ್ಮೆ ಬಾಕಿ ಇರುವ ಟಿಕೆಟ್‌ಗಳನ್ನು ಮುದ್ರಿಸಿ, ಹೆಸರು ಬಾರದಂತೆ, ಶಾಲೆಯ ಸೂಚನಾ ಫಲಕದಲ್ಲಿ ಹಾಕಿ. ಸಮಿತಿ ಬದಲಾಗುವ ದಿನ ಖಾತೆಯ ಪ್ರವೇಶಪದವನ್ನೂ ಲೆಕ್ಕಪುಸ್ತಕದಂತೆಯೇ ಸಹಿ ಹಾಕಿ ಹಸ್ತಾಂತರಿಸಿ.

ಟ್ರ್ಯಾಕರ್ ಬಂದ ಮಾತ್ರಕ್ಕೆ ಕಚೇರಿಯ ಮೇಜಿನಿಂದ ಕಡತ ತಾನಾಗಿ ಏಳುವುದಿಲ್ಲ. ಮನವಿ ಬರೆಯುವವರು, ಬಸ್ಸು ಹತ್ತಿ ಕಚೇರಿಗೆ ಹೋಗುವವರು, ಸ್ವೀಕೃತಿ ಕೇಳಿ ಪಡೆಯುವವರು ನಾವೇ. ಆದರೆ ಮುಂದಿನ ಜೂನ್ ತಿಂಗಳಲ್ಲಿ ಹೊಸ ಸಮಿತಿಯ ಕಾರ್ಯದರ್ಶಿಯ ಬಳಿಗೆ ಒಬ್ಬ ತಾಯಿ ಬಂದು "ನಾನು ಕೊಟ್ಟ ಮನವಿ ಎಲ್ಲಿಗೆ ಬಂತು ಮಾಷ್ಟ್ರೇ?" ಎಂದು ಕೇಳಿದರೆ, ಅದು ಯಾವ ಕಚೇರಿಯಲ್ಲಿದೆ, ಯಾವ ದಿನದಿಂದ ಇದೆ, ನಾಳೆ ಅಲ್ಲಿಗೆ ಹೋಗುವವರು ಯಾರು ಎಂಬ ಮೂರು ಮಾತುಗಳನ್ನು ಅವರು ಕೂಡಲೇ ಹೇಳುವಂತಾಗಬೇಕು. ಅಷ್ಟಾದರೆ ಈ ಸಾಗಾಟದ ಶ್ರಮ ಸಾರ್ಥಕ.